ನಾಲ್ವರ ರೂಫ್‌ಟಾಪ್ ಟೆಂಟ್: ಕೊಡಗಿನ ತೇವದಲ್ಲಿ ದೀರ್ಘಕಾಲದ ಬಳಕೆಯ ವಿಮರ್ಶೆ

ಬಿಚ್ಚಿದರೆ 190 ಸೆಂ.ಮೀ. ಅಗಲ, 240 ಸೆಂ.ಮೀ. ಉದ್ದ. ಮಡಚಿದರೆ 38 ಸೆಂ.ಮೀ. ಎತ್ತರದ ಗಂಟು, ತೂಕ 72 ಕೆ.ಜಿ. ಗಾಡಿಯ ಛಾವಣಿಯ ಮೇಲೆ ಕೂರಿಸಿ, ಪಕ್ಕಕ್ಕೆ ತೆರೆದುಕೊಳ್ಳುವ ಬಟ್ಟೆಯ ಟೆಂಟ್ ಇದು. ಗಂಡ, ಹೆಂಡತಿ, ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಧಾರಾಳ. ನಾಲ್ವರೂ ದೊಡ್ಡವರಾದರೆ ತಲಾ 47 ಸೆಂ.ಮೀ. ಸಿಗುತ್ತದೆ, ಮಗ್ಗುಲು ಬದಲಿಸಲೂ ಕಷ್ಟ. ಅಂಥ ಕುಟುಂಬಕ್ಕೆ 140 ಸೆಂ.ಮೀ.ನ ಚಿಕ್ಕ ಟೆಂಟ್ ಮೇಲೊಂದು, ನೆಲದ ಟೆಂಟ್ ಒಂದು ಒಳ್ಳೆಯದು.

ಕೊಡಗಿನಲ್ಲಿ ಇಷ್ಟು ದೊಡ್ಡ ಟೆಂಟ್ ಕೊಳ್ಳುವವರು ಮೊದಲು ಒಣಗಿಸುವ ಜಾಗ ನೋಡಿಟ್ಟುಕೊಳ್ಳಬೇಕು. ಆಮೇಲೆ ಗಾಡಿ.

ಗಾಡಿಯ ಕೈಪಿಡಿಯಲ್ಲಿ ರೂಫ್ ಲೋಡ್, ಅಂದರೆ ಛಾವಣಿ ಹೊರಬಲ್ಲ ಭಾರ, ಎಷ್ಟಿದೆ ನೋಡಿ. ಅದು ಓಡುವಾಗಿನ ಮಿತಿ. ಟೆಂಟ್ 72, ಅದು ಕೂರುವ ಎರಡು ಅಡ್ಡಪಟ್ಟಿ (ಕ್ರಾಸ್‌ಬಾರ್) ಮತ್ತು ಕ್ಲಾಂಪ್ ಸೇರಿ ಸುಮಾರು 12, ಒಟ್ಟು 84 ಕೆ.ಜಿ. ಮಿತಿ 75 ಇರುವ ಗಾಡಿಗೆ ಇದು ಬೇಡವೇ ಬೇಡ. ಬಾರ್‌ಗಳಿಗೂ ಬೇರೆ ಮಿತಿ ಇರುತ್ತದೆ, ಕಚ್ಚಾ ರಸ್ತೆಗೆ ಅದು ಇನ್ನೂ ಇಳಿಯುತ್ತದೆ. ಕೆಲವು ತಯಾರಕರು 1.5ರಿಂದ ಭಾಗಿಸಿ ಎನ್ನುತ್ತಾರೆ. ಅಂದರೆ 100 ಕೆ.ಜಿ. ಹೊರುವ ಬಾರ್ ಎಸ್ಟೇಟ್ ರಸ್ತೆಯಲ್ಲಿ 66 ಕೆ.ಜಿ.ಯದ್ದು. ಈ ಟೆಂಟಿಗೆ ಮೂರನೇ ಬಾರ್ ಹಾಕಿಸಿದರೇ ಕ್ಷೇಮ, ಆದರೆ ಅದರ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಂತ ಗಾಡಿಯ ಮೇಲೆ ನಾಲ್ವರು ಮಲಗಿದಾಗ ಭಾರ 270 ಕೆ.ಜಿ. ಮುಟ್ಟುತ್ತದೆ. ಆಗಿನ ಮಿತಿ ಬೇರೆ, ಬಹಳ ಹೆಚ್ಚು. ಅದನ್ನು ಬಾರ್ ಮಾರಿದವರಿಂದ ಬರೆಸಿಕೊಳ್ಳಿ.

ಜೋಡಿಸುವಾಗ ಎಂ8 (8 ಮಿ.ಮೀ.) ಬೋಲ್ಟುಗಳಿಗೆ ನೈಲಾಕ್ ನಟ್ಟು, ಅಂದರೆ ಅದುರಿದರೂ ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನಟ್ಟು, ಹಾಕಿ. ಸ್ಟೀಲ್ ಬೋಲ್ಟು ಅಲ್ಯೂಮಿನಿಯಂಗೆ ತಾಗುವ ಕಡೆ ಆಂಟಿ-ಸೀಜ್ ಗ್ರೀಸ್ ಸವರದಿದ್ದರೆ ಒಂದೆರಡು ಮಳೆಗಾಲದಲ್ಲೇ ಕಚ್ಚಿಕೊಂಡು ಬಿಡುತ್ತದೆ. ಮೊದಲ 50 ಕಿ.ಮೀ. ಆದ ಮೇಲೆ ಮತ್ತೆ ಬಿಗಿ ಮಾಡಿ. ಆಮೇಲೂ ತೋಟದ ರಸ್ತೆ ಇಳಿದು ಬಂದಾಗಲೆಲ್ಲ ಪಾನಾ ಹಾಕಿ ನೋಡುವುದು ಲೇಸು.

ಹೊಸ ಪಾಲಿ-ಕಾಟನ್ ಬಟ್ಟೆಯ ಹೊಲಿಗೆಯಲ್ಲಿ ನೀರು ಜಿನುಗುತ್ತದೆ. ಅದು ದೋಷವಲ್ಲ. ಪೈಪಿನಿಂದ ಪೂರ್ತಿ ನೆನೆಸಿ, ಪೂರ್ತಿ ಒಣಗಿಸಿ, ಇನ್ನೊಮ್ಮೆ ಹಾಗೇ ಮಾಡಿದರೆ ದಾರ ಉಬ್ಬಿ ಸೂಜಿ ತೂತು ಮುಚ್ಚುತ್ತದೆ. ಮಳೆಗಿಂತ ಹೆಚ್ಚು ಕಾಟ ಕೊಡುವುದು ಒಳಗಿನ ತೇವ. ನಾಲ್ವರ ಉಸಿರು, ಬೆವರು ಸೇರಿ ರಾತ್ರಿಗೆ ಲೀಟರಿಗೂ ಹೆಚ್ಚು ನೀರಾಗುತ್ತದೆ. ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚಿದರೆ ಬೆಳಗ್ಗೆ ಛಾವಣಿಯಿಂದ ತೊಟ್ಟಿಕ್ಕುತ್ತದೆ. ಎದುರುಬದುರು ಎರಡು ಕಿಟಕಿಗಳ ಮೇಲ್ಭಾಗ ನಾಲ್ಕು ಬೆರಳು ತೆರೆದಿರಲಿ. ತಳದ ತಗಡು ತಣ್ಣಗಾಗಿ ಹಾಸಿಗೆಯ ಅಡಿ ಒದ್ದೆಯಾಗುತ್ತದೆ. ಒಂದು ಸೆಂ.ಮೀ. ದಪ್ಪದ ಜಾಲರಿ ಮ್ಯಾಟ್ ಹಾಕದಿದ್ದರೆ ಫೋಮಿನ ಕೆಳಮೈ ಕಪ್ಪು ಚುಕ್ಕೆ ಹಿಡಿಯುವುದು ಖಂಡಿತ. ಈ ಮ್ಯಾಟ್ ಟೆಂಟಿನ ಜೊತೆ ಬರುವುದಿಲ್ಲ, ಬರಲೇಬೇಕಿತ್ತು.

ಮಡಚುವುದು ಈ ಮಾದರಿಯ ದೊಡ್ಡ ಕೊರತೆ. ಬಿಚ್ಚಲು ಹತ್ತು ನಿಮಿಷ, ಮಳೆಯಲ್ಲಿ ಮಡಚಲು ಇಪ್ಪತ್ತೈದು, ಅದೂ ಇಬ್ಬರಿದ್ದರೆ. ಬಟ್ಟೆಯನ್ನು ನಾಲ್ಕೂ ಕಡೆ ಒಳಗೆ ತುರುಕದೆ ಎಳೆದರೆ ಕೀಲಿನ ನಡುವೆ ಸಿಕ್ಕಿ ಹರಿಯುತ್ತದೆ. ಅದಕ್ಕಿಂತ ಕಣ್ತಪ್ಪುವ ಸಂಗತಿ ಇನ್ನೊಂದಿದೆ: ಕವರಿನ ಜಿಪ್ಪಿನಿಂದ ಎರಡು ಬೆರಳಷ್ಟು ಬಟ್ಟೆ ಹೊರಗೆ ಇಣುಕಿದರೂ ಸಾಕು, ದಾರಿಯ ಮಳೆಯನ್ನು ಅದು ದೀಪದ ಬತ್ತಿಯ ಹಾಗೆ ಒಳಗೆ ಹೀರಿ ಹಾಸಿಗೆಗೆ ತಲುಪಿಸುತ್ತದೆ. ಜಿಪ್ ಎಳೆದ ಮೇಲೆ ಒಂದು ಸುತ್ತು ಬಂದು ಕೈಯಾಡಿಸಿ ನೋಡಿ. ವರ್ಷಪೂರ್ತಿ ತಿರುಗುವವರಿಗೆ ಗಟ್ಟಿ ಚಿಪ್ಪಿನ ಟೆಂಟ್ ಇದಕ್ಕಿಂತ ಮೇಲು, ಆದರೆ ನಾಲ್ವರಿಗೆ ಸಾಲುವ ಅಳತೆಯಲ್ಲಿ ಅದು ಇನ್ನೂ ಭಾರ.

ನಿಲ್ಲಿಸುವ ಜಾಗದ ಬಗ್ಗೆ ಎರಡು ಮಾತು. ಕಾಡಂಚಿನಲ್ಲಿ ಕಂಡ ಕಡೆ ನಿಲ್ಲಿಸಬೇಡಿ, ತೋಟದವರ ಒಪ್ಪಿಗೆ ಪಡೆದೇ ಹೋಗಿ. ಸಿದ್ದಾಪುರ, ಅಮ್ಮತ್ತಿ ಕಡೆ ಹಲಸು ಹಣ್ಣಾಗುವ ಕಾಲದಲ್ಲಿ ಆನೆ ತೋಟಕ್ಕೇ ಬರುತ್ತದೆ. ಮೇಲೆ ಮಲಗಿದ್ದೇವೆಂಬ ಧೈರ್ಯ ಅದರೆದುರು ನಡೆಯದು. ಆ ವಾರ ಆನೆ ಓಡಾಟ ಇದೆಯೇ ಎಂದು ತೋಟದ ಲೆಕ್ಕ ನೋಡುವ ರೈಟರನ್ನು ಕೇಳಿ. ಸಿಲ್ವರ್ ಓಕ್ ಮರದಡಿ ಬೇಡ, ಗಾಳಿಗೆ ಕೊಂಬೆ ಮುರಿಯುತ್ತದೆ. ಜಿಗಣೆ ತಾನಾಗಿ ಅಷ್ಟು ಎತ್ತರ ಬರುವುದು ಅಪರೂಪ, ಶೂ ಜೊತೆ ಬರುತ್ತದೆ. ಶೂ, ಕಾಲುಚೀಲ ಏಣಿಯ ಬುಡದಲ್ಲೇ ಬಿಚ್ಚಿಡಿ.

ಮನೆಗೆ ಬಂದವರು ಮರುದಿನದೊಳಗೆ ಟೆಂಟ್ ಬಿಚ್ಚಿ ಹರಡಬೇಕು. ಗಾಡಿಯ ಮೇಲೇ ಬಿಚ್ಚಲು ಸುಮಾರು ಮೂರೂವರೆ ಮೀಟರ್ ಎತ್ತರದ ಶೆಡ್ಡು ಬೇಕು, ಮಾಮೂಲಿ ಕಾರ್ ಶೆಡ್ಡು ಸಾಲದು. ಬೇಸಿಗೆಯಲ್ಲಿ ಕಾಫಿ ಕಣ ಖಾಲಿಯಿದ್ದರೆ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ. ಬೂಷ್ಟು ಕಂಡರೆ ಒಣ ಬ್ರಷ್ಷಿನಿಂದ ಉಜ್ಜಿ, ಒಂದು ಪಾಲು ವಿನೆಗರ್, ನಾಲ್ಕು ಪಾಲು ನೀರಿನಲ್ಲಿ ಒರೆಸಿ. ಬ್ಲೀಚಿಂಗ್ ಪುಡಿ ಹಾಕಿದರೆ ಬಟ್ಟೆಯ ಲೇಪನವೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆಂಟನ್ನು ಗಾಡಿಯಿಂದ ಇಳಿಸಿಡಿ, ನಾಲ್ಕು ಜನ ಬೇಕಾಗುತ್ತದೆ. ಹಾಸಿಗೆ ಹೊರತೆಗೆದು ಅಡುಗೆಮನೆಯ ಅಟ್ಟದಲ್ಲಿ ನಿಲ್ಲಿಸಿಡಿ, ಪ್ಲಾಸ್ಟಿಕ್ ಸುತ್ತಬೇಡಿ.