ಹಳೆಯ ಕಂಟ್ರೋಲರಿಗೆ ಹೊಸ ಕೊಂಡಿ: ಒಂದು ಯುಎಸ್‌ಬಿ ಅಡಾಪ್ಟರಿನ ವಿಮರ್ಶೆ

1990ರಲ್ಲಿ ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ಹೆಸರಿನಿಂದ ಬಂದ ಸೂಪರ್ ನಿಂಟೆಂಡೊ ವಿಡಿಯೊ ಗೇಮ್ ಯಂತ್ರದ ಮೂಲ ಕಂಟ್ರೋಲರನ್ನು ಕಂಪ್ಯೂಟರಿಗೆ ಜೋಡಿಸಲು ನಾನು ಕೊಂಡ ಈ ಪುಟ್ಟ ಅಡಾಪ್ಟರ್ ತನ್ನ ಕೆಲಸವನ್ನು ಬಹುಮಟ್ಟಿಗೆ ಅಚ್ಚುಕಟ್ಟಾಗಿ ಮಾಡುತ್ತದೆ. ಕಂಟ್ರೋಲರಿನ 12 ಗುಂಡಿಗಳ ಸ್ಥಿತಿ ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಬಿಟ್‌ಗಳಾಗಿ ಹರಿದುಬರುತ್ತದೆ. ಅಡಾಪ್ಟರಿನೊಳಗಿನ ಚಿಪ್ ಅದನ್ನು ಓದಿ ಸಾಮಾನ್ಯ ಯುಎಸ್‌ಬಿ ಗೇಮ್‌ಪ್ಯಾಡಿನ ಸಂಕೇತವಾಗಿ ಬದಲಿಸುವುದರಿಂದ ಪ್ರತ್ಯೇಕ ಡ್ರೈವರ್ ತಂತ್ರಾಂಶ ಹಾಕಿಕೊಳ್ಳುವ ಪ್ರಮೇಯವೇ ಬರಲಿಲ್ಲ. ಗುಂಡಿ ಒತ್ತಿದೊಡನೆ ಪರದೆಯ ಮೇಲಿನ ಪಾತ್ರ ಜಿಗಿಯುತ್ತದೆ, ವಿಳಂಬ ನನ್ನ ಬೆರಳಿಗೆ ತಿಳಿಯಲೇ ಇಲ್ಲ. ಹಳೆಯ ಗುಂಡಿಗಳ ಆ ಮೆತ್ತನೆಯ ಒತ್ತು ನಾನು ಬಳಸಿದ ಯಾವ ನಕಲಿನಲ್ಲೂ ಸಿಕ್ಕಿರಲಿಲ್ಲ, ಇಷ್ಟೆಲ್ಲ ಶ್ರಮಪಟ್ಟದ್ದೂ ಅದಕ್ಕಾಗಿಯೇ. ಕೊರತೆ ಇರುವುದು ಸಾಕೆಟ್ಟಿನಲ್ಲಿ: ಅದರ 7 ಪಿನ್‌ಗಳ ಹಿಡಿತ ಸಡಿಲವಾಗಿದ್ದು, ಕೇಬಲ್ ತುಸು ಎಳೆದರೂ ಸಂಪರ್ಕ ತಪ್ಪುತ್ತಿತ್ತು. ಕಂಟ್ರೋಲರಿನ ಪ್ಲಗ್ಗಿನೊಳಗಿನ ಕಿಲುಬನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಬಳಿಕ ತೊಂದರೆ ಕಡಿಮೆಯಾಯಿತಾದರೂ ಪೂರ್ತಿ ನಿಲ್ಲಲಿಲ್ಲ.