ಕೃತ್ಯದಿಂದ ಮನುಷ್ಯನನ್ನು ಕಟ್ಟುವ ಪತ್ತೇದಾರಿಕೆ: ‘ದಿ ಏಲಿಯನಿಸ್ಟ್’

ಹಾಸನದ ನಮ್ಮ ಓದುಬಳಗ ಈ ಮಳೆಗಾಲಕ್ಕೆ ಆರಿಸಿಕೊಂಡದ್ದು ಅಮೆರಿಕದ ಲೇಖಕ ಕೇಲೆಬ್ ಕಾರ್ ಅವರ ‘ದಿ ಏಲಿಯನಿಸ್ಟ್’ (ಮನೋವೈದ್ಯರಿಗೆ ಹತ್ತೊಂಬತ್ತನೆಯ ಶತಮಾನದಲ್ಲಿದ್ದ ಹೆಸರು) ಎಂಬ ಇಂಗ್ಲಿಷ್ ಕಾದಂಬರಿಯನ್ನು. 1994ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಕೊಲೆಗಾರನು ನಮಗೆ ಪರಿಚಯವಾದ ನಾಲ್ಕಾರು ಪಾತ್ರಗಳ ನಡುವೆ ಅಡಗಿ ಕುಳಿತಿಲ್ಲ. ಅವನು ಯಾರೆಂಬುದರ ಸುಳಿವೇ ಇಲ್ಲದಿರುವಾಗ, ಅವನು ಎಸಗಿದ ಕೃತ್ಯಗಳನ್ನೇ ಹಿಡಿದು ಅವನ ವಯಸ್ಸು, ಮೈಕಟ್ಟು, ಕಸುಬು, ಬೆಳೆದ ಮನೆ, ಉಂಡ ನೋವುಗಳನ್ನೆಲ್ಲ ಒಂದೊಂದಾಗಿ ಊಹಿಸುತ್ತಾ ಹೋಗುವ ಶ್ರಮವೇ ಇಲ್ಲಿನ ಕಥೆ.

ಕಥೆ ನಡೆಯುವುದು 1896ರ ನ್ಯೂಯಾರ್ಕಿನಲ್ಲಿ. ನಿರ್ಮಾಣ ಹಂತದಲ್ಲಿದ್ದ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ವಲಸಿಗ ಕುಟುಂಬದ ಬಡ ಹುಡುಗನೊಬ್ಬನ ಛಿದ್ರಗೊಂಡ ಶವ ಸಿಗುತ್ತದೆ. ಹೆಣ್ಣುಡುಗೆಯಲ್ಲಿ ಮೈಮಾರಿಕೊಂಡು ಬದುಕುತ್ತಿದ್ದ ಹುಡುಗನಾದ್ದರಿಂದ ಪೊಲೀಸರಿಗೆ ಅವನ ಸಾವು ಲೆಕ್ಕಕ್ಕೇ ಇಲ್ಲ. ಆಗ ನಗರದ ಪೊಲೀಸ್ ಆಯುಕ್ತರ ಮಂಡಳಿಯ ಅಧ್ಯಕ್ಷರಾಗಿದ್ದವರು, ಮುಂದೆ 1901ರಲ್ಲಿ ಅಮೆರಿಕದ ಅಧ್ಯಕ್ಷರೇ ಆದ ಥಿಯೋಡರ್ ರೂಸ್‌ವೆಲ್ಟ್. ಕಾದಂಬರಿಯಲ್ಲಿ ಅವರು ಮನೋವೈದ್ಯ ಲಾಸ್ಲೋ ಕ್ರೈಸ್ಲರ್ ಅವರಿಗೆ ಈ ತನಿಖೆಯನ್ನು ಗುಟ್ಟಾಗಿ ಒಪ್ಪಿಸುತ್ತಾರೆ. ಪತ್ರಕರ್ತ ಜಾನ್ ಮೂರ್, ಪೊಲೀಸ್ ಕಚೇರಿಯಲ್ಲಿ ಕೆಲಸ ಮಾಡುವ ಸಾರಾ ಹೋವರ್ಡ್, ಪತ್ತೇದಾರರಾದ ಐಸಾಕ್‌ಸನ್ ಸೋದರರು ಅವರ ಜೊತೆಗೂಡುತ್ತಾರೆ. ಮೂರ್ ಕಥೆಯ ನಿರೂಪಕನೂ ಹೌದು.

ಈ ತಂಡದ ಕೋಣೆಯಲ್ಲಿ ಒಂದು ದೊಡ್ಡ ಕರಿಹಲಗೆ ಇದೆ. ಒಂದು ಕಡೆ ಕೊಲೆಗಾರನ ಬಾಲ್ಯ, ಇನ್ನೊಂದು ಕಡೆ ಕೊಲೆಗಳ ವಿವರ, ನಡುವಿನ ವರ್ಷಗಳಿಗೆ ಖಾಲಿ ಜಾಗ. ತಿಳಿದದ್ದನ್ನೆಲ್ಲ ಸೀಮೆಸುಣ್ಣದಲ್ಲಿ ಬರೆಯುತ್ತಾರೆ, ತಪ್ಪೆಂದು ಕಂಡರೆ ಅಳಿಸುತ್ತಾರೆ. ಸತ್ತ ಹುಡುಗನ ತಾಯಿಗೆ ಕೊಲೆಗಾರನಿಂದ ಒಂದು ಕಾಗದ ಬಂದಾಗ ಅದನ್ನು ಅವರು ಪರಿಶೀಲಿಸುವ ಅಧ್ಯಾಯ ಇಡೀ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿತು. ಕಾಗುಣಿತದ ತಪ್ಪುಗಳು ನಿಜವಾದ ಅಜ್ಞಾನದಿಂದ ಬಂದವೋ ಬೇಕೆಂದೇ ಮಾಡಿದವೋ, ಕೈಬರಹದ ವರಸೆ ಯಾವ ಕಾಲದ ಶಾಲೆಯಲ್ಲಿ ಕಲಿತದ್ದಿರಬಹುದು, ಇಂಥ ಮಾತನ್ನು ಮಗನನ್ನು ಕಳೆದುಕೊಂಡ ತಾಯಿಗೇ ಬರೆಯಬೇಕೆಂದು ಅವನಿಗೆ ಏಕೆ ಅನ್ನಿಸಿತು ಎಂದು ಸಾಲುಸಾಲಾಗಿ ಬಿಡಿಸುವಾಗ, ಓದುಗನೂ ಆ ಮೇಜಿನ ಸುತ್ತ ಕುಳಿತು ವಾದಿಸತೊಡಗುತ್ತಾನೆ.

ಕೃತ್ಯ ನೋಡಿ ಕೊಲೆಗಾರನನ್ನು ಊಹಿಸುವ ಈ ಬಗೆ ಕೇವಲ ಕಾದಂಬರಿಕಾರನ ಕಲ್ಪನೆಯೂ ಅಲ್ಲ. 1888ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಬಾಂಡ್, ಆ ನಗರದಲ್ಲಿ ಸಾಲುಸಾಲಾಗಿ ಹೆಂಗಸರನ್ನು ಕೊಂದ, ಗುರುತು ಸಿಗದ ಹಂತಕ ಜ್ಯಾಕ್ ದ ರಿಪ್ಪರ್‌ನ ಕೊಲೆಗಳನ್ನು ಪರಿಶೀಲಿಸಿ, ಕೊಲೆಗಾರನು ಗಟ್ಟಿಮುಟ್ಟಾದ, ನೋಡಲು ಸೌಮ್ಯನಾದ, ಅಚ್ಚುಕಟ್ಟಾಗಿ ಉಡುಪು ತೊಡುವ ನಡುವಯಸ್ಸಿನ ಒಂಟಿಗನಿರಬಹುದೆಂದೂ, ಅವನಿಗೆ ಕಟುಕನಿಗಿರುವಷ್ಟು ಶರೀರಜ್ಞಾನವೂ ಇಲ್ಲವೆಂದೂ ಪೊಲೀಸರಿಗೆ ಬರೆದುಕೊಟ್ಟಿದ್ದರು. ಐಸಾಕ್‌ಸನ್ ಸೋದರರು ನೆಚ್ಚಿಕೊಳ್ಳುವ ಬೆರಳಚ್ಚಿನ ವಿಷಯವಂತೂ ನಮಗೆ ಇನ್ನೂ ಹತ್ತಿರದ್ದು. ಕಥೆಯ ಕಾಲದಲ್ಲಿ ಅಮೆರಿಕದ ನ್ಯಾಯಾಲಯಗಳು ಅದನ್ನು ಸಾಕ್ಷ್ಯವೆಂದು ಒಪ್ಪಿರಲಿಲ್ಲ. ಆದರೆ ಮರುವರ್ಷವೇ, ಅಂದರೆ 1897ರಲ್ಲಿ, ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಶುರುವಾಯಿತು. ಅಲ್ಲಿನ ವರ್ಗೀಕರಣ ಪದ್ಧತಿಯ ಹಿಂದೆ ಭಾರತೀಯ ಪೊಲೀಸ್ ಅಧಿಕಾರಿಗಳಾದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ದುಡಿಮೆಯಿತ್ತು. ನಮ್ಮ ಬಳಗದಲ್ಲಿರುವ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಚರ್ಚೆಯಲ್ಲಿ ಹೇಳಿದ ಮಾತೂ ಇಲ್ಲಿ ಸಲ್ಲುತ್ತದೆ: ಠಾಣೆಗಳಲ್ಲಿ ಎಂ.ಓ.ಬಿ. ಆಸಾಮಿಗಳ (ಅಪರಾಧ ಎಸಗುವ ಬಗೆಯನ್ನು ಹಿಡಿದು ಪೊಲೀಸರು ಪಟ್ಟಿ ಮಾಡಿದ ಹಳೆಯ ಅಪರಾಧಿಗಳ) ದಾಖಲೆ ಇಡುವಾಗ ಕಳ್ಳನು ಬೀಗ ಮುರಿಯುವ ಬಗೆಯನ್ನು ಬರೆದುಕೊಳ್ಳುತ್ತಿದ್ದರಂತೆ, ಆದರೆ ಅವನು ಹಾಗೇಕೆ ಆದನೆಂದು ಯಾರೂ ಕೇಳುತ್ತಿರಲಿಲ್ಲವಂತೆ. ಆ ಪ್ರಶ್ನೆಯನ್ನು ಕೊನೆಯವರೆಗೂ ಬಿಡದೆ ಕೇಳುವುದು ಈ ಪುಸ್ತಕದ ದೊಡ್ಡ ಗುಣ. ಹಾಗೆ ಕೇಳಿದರೂ ಕೊಲೆಗಾರನ ಹೊಣೆಯನ್ನು ಅದು ಎಲ್ಲಿಯೂ ಹಗುರ ಮಾಡುವುದಿಲ್ಲ.

ಕೊರತೆಗಳೂ ಇವೆ. ಕ್ರೈಸ್ಲರ್ ಅನೇಕ ಕಡೆ ಮಾತನಾಡುವುದನ್ನು ಬಿಟ್ಟು ಉಪನ್ಯಾಸ ಕೊಡುತ್ತಾನೆ, ಅವನ ಕೆಲವು ತೀರ್ಮಾನಗಳಂತೂ ನೂರು ವರ್ಷಗಳ ಅನಂತರದ ಮನಶ್ಶಾಸ್ತ್ರವನ್ನು ಓದಿಕೊಂಡು ಬಂದವನ ಮಾತಿನಂತೆ ಕೇಳಿಸುತ್ತವೆ. ಬಾಲಾಪರಾಧಿಯಾಗಿ ಕುಖ್ಯಾತನಾದ ಜೆಸ್ಸಿ ಪಾಮರಾಯ್ ವಾಸ್ತವದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸೆರೆಯಲ್ಲಿದ್ದವನು. ಲೇಖಕರು ಅವನನ್ನು ನ್ಯೂಯಾರ್ಕಿನ ಸಿಂಗ್ ಸಿಂಗ್ ಸೆರೆಮನೆಗೆ ತಂದಿದ್ದಾರೆ. ಕಥೆಗೆ ಅದರಿಂದ ಬಲ ಬಂದಿದೆಯಾದರೂ, ಇತಿಹಾಸವೆಂದು ನಂಬಿ ಓದುವವರು ಎಚ್ಚರದಿಂದಿರಬೇಕು. ಕೊನೆಯ ಭಾಗದ ಬೆನ್ನಟ್ಟುವಿಕೆ ಸಾಮಾನ್ಯ ಮಟ್ಟದ್ದು. ಸಾರಾಳಿಗೆ ಇನ್ನಷ್ಟು ಅವಕಾಶ ಸಿಗಬೇಕಿತ್ತು, ಏಕೆಂದರೆ ಎಲ್ಲರೂ ಕೊಲೆಗಾರನ ತಂದೆಯ ಬಗ್ಗೆ ಯೋಚಿಸುತ್ತಿರುವಾಗ ತಾಯಿಯ ಕಡೆಗೆ ಬೊಟ್ಟು ಮಾಡುವವಳು ಅವಳೇ.

ಮಕ್ಕಳ ಮೇಲಿನ ಕ್ರೌರ್ಯದ ವಿವರಗಳು ನೇರವಾಗಿವೆ. ಆದ್ದರಿಂದ ಶಾಲೆಯ ಮಕ್ಕಳ ಕೈಗೆ ಇದನ್ನು ಕೊಡಬಾರದು, ದೊಡ್ಡವರಲ್ಲಿಯೂ ಅಂಥದ್ದನ್ನು ಓದಲಾಗದವರು ದೂರವಿರುವುದು ಒಳಿತು. 2018ರಲ್ಲಿ ಇದು ಟಿವಿ ಸರಣಿಯಾಗಿಯೂ ಬಂದಿದೆ, ಆದರೆ ಕರಿಹಲಗೆಯ ಮುಂದಿನ ದೀರ್ಘ ವಾದಗಳ ಸವಿ ಬೇಕೆಂದರೆ ಪುಸ್ತಕವನ್ನೇ ಹಿಡಿಯಬೇಕು. 1997ರಲ್ಲಿ ಬಂದ ಇದರ ಮುಂದಿನ ಕಾದಂಬರಿಯನ್ನು ಕ್ರೈಸ್ಲರನ ಮನೆಯಲ್ಲಿ ಬೆಳೆಯುವ ಹುಡುಗ ಸ್ಟೀವಿ ಹೇಳುತ್ತಾನೆ. ಇದನ್ನು ಮುಗಿಸಿಯೇ ಅದನ್ನು ಕೈಗೆತ್ತಿಕೊಳ್ಳಿ.