ಹೆಸರು ಮುಚ್ಚಿಟ್ಟ ವೈಫೈಗೆ ಎರಡನೇ ರೌಟರ್: ಕೇಬಲ್ಲೋ, ರಿಪೀಟರೋ?

ವೈಫೈ ಹೆಸರು ಬೇರೆಯವರ ಪಟ್ಟಿಯಲ್ಲಿ ಕಾಣದಂತೆ ಮುಚ್ಚಿಟ್ಟಿದ್ದೀರಿ, ಸಿಗ್ನಲ್ ಸಿಗದ ಕೋಣೆಗಾಗಿ ಎರಡನೇ ರೌಟರ್ ಜೋಡಿಸಬೇಕು ಎಂದಾದರೆ, ಗೋಡೆ ಕೊರೆಯಲು ಅನುಮತಿ ಇದ್ದಲ್ಲಿ ಕೇಬಲ್ಲೇ ಸರಿ. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೂ ಗಿಗಾಬಿಟ್ ವೇಗ ಕೊಡುತ್ತದೆ. ಎರಡನೇ ರೌಟರನ್ನು ಮೊದಲು ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ, ಅದರ ಐಪಿ ವಿಳಾಸ (ನೆಟ್‌ವರ್ಕಿನೊಳಗಿನ ಗುರುತು ಸಂಖ್ಯೆ) 192.168.1.2 ಎಂದು ಬದಲಿಸಿ (ಮುಖ್ಯ ರೌಟರಿನದು 192.168.1.1 ಆಗಿದ್ದರೆ), ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ. ಆಮೇಲೆ ಮುಖ್ಯ ರೌಟರಿನಿಂದ ಬಂದ ಕೇಬಲ್ಲನ್ನು ಎರಡನೇ ರೌಟರಿನ ಲ್ಯಾನ್ (ಮನೆಯೊಳಗಿನ ಸಾಧನಗಳ) ಪೋರ್ಟಿಗೆ ಚುಚ್ಚಿ, ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗಲ್ಲ. ಡಿಎಚ್‌ಸಿಪಿ ಮರೆತರೆ ಎರಡೂ ರೌಟರುಗಳು ವಿಳಾಸ ಹಂಚತೊಡಗಿ, ಫೋನು ವೈಫೈಗೆ ಸೇರಿದರೂ ನೆಟ್ ಕೈಕೊಡಬಹುದು. ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, 2.4 ಗಿಗಾಹರ್ಟ್ಸ್‌ನಲ್ಲಿ ಚಾನಲ್ ಒಂದಕ್ಕೆ 1, ಇನ್ನೊಂದಕ್ಕೆ 11. ಹೆಸರು ಮುಚ್ಚಿಡುವ ಆಯ್ಕೆಯನ್ನು ಎರಡರಲ್ಲೂ ಬೇರೆಬೇರೆಯಾಗಿ ಒತ್ತಬೇಕು.

ಬಾಡಿಗೆ ಮನೆಗೆ ರಿಪೀಟರ್ ಮೋಡ್: ಎರಡನೇ ರೌಟರ್ ಕೇಬಲ್ಲಿಲ್ಲದೆ ಮುಖ್ಯ ರೌಟರಿನ ವೈಫೈ ಹಿಡಿದು ಮುಂದೆ ಹರಡುತ್ತದೆ. ಇಲ್ಲಿ ಮುಚ್ಚಿಟ್ಟ ಹೆಸರೇ ತಲೆನೋವು: ಸ್ಕ್ಯಾನ್ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಕೈಯಾರೆ ಟೈಪ್ ಮಾಡಬೇಕು. ದೊಡ್ಡಕ್ಷರ, ಸಣ್ಣಕ್ಷರ, ಕೊನೆಗೆ ಉಳಿದ ಒಂದು ಖಾಲಿ ಜಾಗ ತಪ್ಪಿದರೂ ಕೂಡಿಕೊಳ್ಳದು. ಭದ್ರತೆಯ ಬಗೆಯೂ (ಡಬ್ಲ್ಯುಪಿಎ2 ಇತ್ಯಾದಿ) ಮುಖ್ಯ ರೌಟರಿನದಕ್ಕೆ ಹೊಂದಬೇಕು. ಕೈಯಾರೆ ಬರೆಯಲು ಜಾಗವೇ ಇಲ್ಲದ ರೌಟರಾದರೆ, ಹೆಸರು ತೆರೆದು ಜೋಡಿಸಿ ಮತ್ತೆ ಮುಚ್ಚಿ ನೋಡಿ. ಕೆಲವು ರೌಟರುಗಳು ರೀಸ್ಟಾರ್ಟ್ ಆದಮೇಲೆ ಮತ್ತೆ ಸೇರುವುದಿಲ್ಲ. ಒಂದೇ ರೇಡಿಯೊ ಕೇಳುವುದನ್ನೂ ಹೇಳುವುದನ್ನೂ ಮಾಡಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಸಿಗ್ನಲ್ ಸಿಗದ ಕೋಣೆಯಲ್ಲೇ ಇಡಬೇಡಿ, ನಡುದಾರಿಯಲ್ಲಿಡಿ.

ಅಂದಹಾಗೆ, ಹೆಸರು ಮುಚ್ಚಿಟ್ಟರೆ ಭದ್ರತೆ ಹೆಚ್ಚೇನಲ್ಲ. ಅದನ್ನು ಹುಡುಕುತ್ತಾ ಫೋನು ಹೋದಲ್ಲೆಲ್ಲ ಆ ಹೆಸರನ್ನೇ ಕೂಗಬಹುದು. ರಿಪೀಟರೇ ಗತಿಯಾದರೆ ಹೆಸರು ತೆರೆದಿಟ್ಟು ಗಟ್ಟಿ ಪಾಸ್‌ವರ್ಡ್ ಹಾಕಿ.